ನೀಲಿ ಕೈ

ಡ್ರಮ್ಮಿನೊಳಗೆ ಇಳಿದಿದ್ದ ಲತೀಶನ ಕೈ ಮೊಣಕೈವರೆಗೆ ನೀಲಿಯಾಗಿ ಹೊರಗೆ ಬಂತು. ಕೊಳೆರೋಗ ಬರದಂತೆ ಅಡಿಕೆಗೆ ಸಿಂಪಡಿಸುವ ಮೈಲುತುತ್ತಿನ ಮದ್ದನ್ನು ಅವನು ಕೈಯಲ್ಲೇ ಕದಡುವವನು. "ಗ್ಲೌಸ್ ಹಾಕಿದ್ರೆ ಹದ ಗೊತ್ತಾಗುದಿಲ್ಲ ಮಾರಾಯ್ತಿ" ಎಂದ, ಹೆಂಡತಿ ಬಾಯಿ ತೆರೆಯುವ ಮೊದಲೇ.

ಮೋಕ್ಷಿತಾ ಹಲ್ಲು ಕಚ್ಚಿದಳು. ಮಕ್ಕಳಾಗಲಿಲ್ಲವೆಂದು ಅತ್ತೆ ಕುದಿಸಿಕೊಟ್ಟ ಬೇರಿನ ಕಷಾಯವನ್ನು ನಾಲ್ಕು ವರ್ಷ ದಿನಾ ಬೆಳಗ್ಗೆ ಕುಡಿದವಳು ಅವಳು. ಕೊರತೆ ಇರುವುದು ಲತೀಶನ ವೀರ್ಯದಲ್ಲಿ ಎಂದು ನಿನ್ನೆ ಪುತ್ತೂರಿನ ಡಾಕ್ಟರು ಹೇಳಿದ್ದರು. ತೋಟದ ಮದ್ದು ಮೈಗೆ ತಾಗಿಸಬೇಡಿ ಎಂದೂ ಗದರಿದ್ದರು. ಬರುವ ದಾರಿಯಲ್ಲಿ ಅವಳೇ ಆಲಂಕಾರು ಪೇಟೆಯಲ್ಲಿ ಅವನಿಗೆಂದು ದಪ್ಪ ಗ್ಲೌಸ್ ಕೊಂಡಿದ್ದಳು.

ಆ ಗ್ಲೌಸ್ ಈಗ ಅತ್ತೆಯ ಕೈಯಲ್ಲಿತ್ತು. ಅದನ್ನು ತೊಟ್ಟು ಅದೇ ಬೇರಿನ ಕಷಾಯದ ಪಾತ್ರೆ ಹಿಡಿದು ಬಂದ ನೀಲಾವತಿ, ಮಗನಿಗೆ ಲೋಟ ತುಂಬಿಸಿ ಕೊಟ್ಟರು. "ಕುಡಿ ಮಗಾ, ಇದ್ರಲ್ಲೇ ಎಲ್ಲ ಸರಿಯಾಗ್ತದೆ."

"ಆ ಗ್ಲೌಸ್ ಇವರಿಗೆ ತಂದದ್ದು ಅತ್ತೆ."

"ಪಾತ್ರೆ ಬಿಸಿ ಉಂಟಲ್ಲ, ಕೈ ಸುಡ್ತದೆ."

ಲತೀಶ ನೀಲಿ ಕೈಯಲ್ಲೇ ಲೋಟವನ್ನು ಬಾಯಿಗೆತ್ತುವಷ್ಟರಲ್ಲಿ ಮೋಕ್ಷಿತಾ ಅದನ್ನು ಕಿತ್ತುಕೊಂಡು ಡ್ರಮ್ಮಿಗೆ ಸುರಿದಳು.

"ಎಂತ ಮಾಡಿದ್ದು ನೀನು!" ಅತ್ತೆ ಕಿರುಚಿದರು.

"ನಾಲ್ಕು ವರ್ಷ ನಾನು ಕುಡಿದದ್ದೂ ಈ ಡ್ರಮ್ಮಿಗೇ ಸುರಿದ ಹಾಗೆ ಆಯ್ತು ಅತ್ತೆ."