ಮ್ಯಾಗ್‌ಪೈ ಕುಕ್ಕಿದ ಗಾಯ

ನೆರಿಡಾಳ ಕಿವಿಯ ಹಿಂದೆ ಗಾಯದ ಪಟ್ಟಿ ಅಂಟಿತ್ತು. ಕೀರನ್‌ನ ಬೆರಳಿಗೆ ಅದು ತಾಗಿದ್ದೇ ತಡ, ಅವಳು ತಲೆ ಸರಿಸಿಕೊಂಡಳು.

"ಏನಿದು?"

"ಬೇಕರೀಲಿ ಟ್ರೇ ತಾಗ್ತು. ಟೀ ಆರೋಗ್ತಿದೆ, ಕುಡಿ."

ಸುಳ್ಳು. ಸೆಪ್ಟೆಂಬರಿನಲ್ಲಿ ಕಿವಿಯ ಹಿಂದೆ ಗಾಯವಾದರೆ ಬಲ್ಲಾರಟ್‌ನಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಮರಿ ಕಾಯುವ ಮ್ಯಾಗ್‌ಪೈ ಹಕ್ಕಿ ಹಿಂದಿನಿಂದ ಎರಗಿ ಕುಕ್ಕುತ್ತದೆ. ಅದೂ ಕೆರೆಯ ಸುತ್ತಿನ ಓಟದ ದಾರಿಯಲ್ಲಿ, ಓಡುವವರನ್ನೇ. ಬೇಕರಿ ಇದ್ದದ್ದು ಊರಿನ ಇನ್ನೊಂದು ತುದಿಗೆ. ಬೆಳಗಿನ ಕೆಲಸ ಮುಗಿಸಿ ಬಂದವಳ ಮೈಯಲ್ಲಿ ಬ್ರೆಡ್ಡಿನ ವಾಸನೆ ಇರಬೇಕಿತ್ತು. ಇದ್ದದ್ದು ಬೆವರು. ಜೊತೆಗೆ ನೀಲಗಿರಿ ಎಣ್ಣೆ.

ಗೆಳೆಯ ಬ್ರೋಡಿ ಮೊಣಕಾಲಿಗೆ ತಿಕ್ಕಿಕೊಳ್ಳುವ ನೀಲಗಿರಿ ಎಣ್ಣೆ.

ಕೀರನ್ ಟೀ ಮುಟ್ಟಲಿಲ್ಲ.

ಮೂವರೂ ಒಂದೇ ಕ್ಲಬ್ಬಿನಲ್ಲಿ ಓಡಿ ಬೆಳೆದವರು. ಹುಡುಗರನ್ನೂ ಹಿಂದೆ ಹಾಕುತ್ತಿದ್ದ ನೆರಿಡಾ ಕೀರನ್‌ನನ್ನು ಮದುವೆಯಾದ ಮೇಲೆ ಓಟ ಬಿಟ್ಟು ಬೇಕರಿ ಸೇರಿದ್ದಳು. ಬ್ರೋಡಿ ಮಾತ್ರ ಬಿಡಲಿಲ್ಲ. ಹೋಬಾರ್ಟ್ ಇರಲಿ, ಪರ್ತ್ ಇರಲಿ, ಕೀರನ್ ಎಲ್ಲಿ ಓಡಿದರೂ ಪಕ್ಕದಲ್ಲೇ ಅವನ ಉಸಿರು. ಪ್ರತಿ ಸಲವೂ ಕೀರನ್ ಮುಂದೆ, ಅವನು ಒಂದು ಹೆಜ್ಜೆ ಹಿಂದೆ. ಪದಕ ಕೀರನ್‌ನ ಕೊರಳಿಗೆ.

ಆದರೂ ಹೊಟ್ಟೆ ಉರಿಯುತ್ತಿದ್ದದ್ದು ಗೆದ್ದವನದ್ದೇ. ಕೊನೆಯ ಸುತ್ತಿನಲ್ಲಿ ಕೀರನ್‌ಗೆ ಎದೆ ಬಿರಿಯುತ್ತಿದ್ದರೆ ಆ ಬಡ್ಡೀಮಗ ಹಾಡು ಗುನುಗುತ್ತಿದ್ದ. ಮನಸ್ಸು ಮಾಡಿದ್ದರೆ ದಾಟಿ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಗೆಲುವನ್ನು ಭಿಕ್ಷೆಯಂತೆ ಹಾಕುತ್ತಿದ್ದ. ಪಬ್ಬಿನಲ್ಲಿ ಹೆಂಗಸರು ಅವನ ಮೈಕಟ್ಟನ್ನು ಹೊಗಳಿದರೆ ನೆರಿಡಾ ನಕ್ಕು ಹೂಂಗುಟ್ಟುತ್ತಿದ್ದಳು. ಆ ನಗು ಕೀರನ್‌ನ ಕಿವಿಯಲ್ಲಿ ಮುಳ್ಳಿನಂತೆ ಉಳಿದಿತ್ತು.

ನಾಳೆ ಈ ಕೆರೆಯ ಸುತ್ತಲೇ ಮ್ಯಾರಥಾನ್. ಗೆದ್ದವನಿಗೆ ಆಸ್ಟ್ರೇಲಿಯಾ ತಂಡದ ಅಂಗಿ. ಕೀರನ್‌ನ ವಯಸ್ಸಿಗೆ ಇದೇ ಕೊನೆಯ ಅವಕಾಶ.

ಸಂಜೆ ಇಬ್ಬರೂ ಹಗುರವಾಗಿ ಒಂದು ಸುತ್ತು ಹೊರಟರು.

"ತಗ್ಗು!" ಬ್ರೋಡಿ ಕೂಗಿದ.

ಕೀರನ್ ತಗ್ಗಿದ. ರೆಕ್ಕೆ ಕೂದಲು ಸವರಿಕೊಂಡು ಹೋಯಿತು. ಎಷ್ಟು ವರ್ಷದಿಂದ ಇವನ ಮಾತಿಗೆ ತಲೆ ತಗ್ಗಿಸುತ್ತ ಬಂದೆ ಎಂದು ಮೈಯೆಲ್ಲ ಉರಿಯಿತು.

"ನೆರಿಡಾಗೂ ಕುಕ್ಕಿದೆ," ಎಂದ.

ಬ್ರೋಡಿಯ ಹೆಜ್ಜೆಯ ತಾಳ ತಪ್ಪಿತು. "ಕಿವಿ ಹಿಂದೆ ತಾನೇ? ಮಾಯತ್ತೆ ಬಿಡು."

ಕಿವಿಯ ಮಾತನ್ನು ಕೀರನ್ ಎತ್ತಿರಲೇ ಇಲ್ಲ.

"ಅವಳ ಕಿವಿ ಹಿಂದೆ ಏನಿದೆ ಅಂತ ನಿಂಗೆ ಹೆಂಗೊತ್ತೋ?"

"ಮಗಾ, ನಿಂಗೆ ಹೇಳ್ಬೇಕು ಅಂತಾನೇ ಇದ್ದೆ. ನಾನು, ನೆರಿಡಾ..."

"ಬಾಯಿ ಮುಚ್ಕೊಂಡು ಓಡು! ನಾಳೆ ಒಂದು ಮುಗೀಲಿ. ಆಮೇಲೆ ನಿನ್ನ ಹಲ್ಲು ಉದುರಿಸ್ತೀನಿ."

"ಉದುರಿಸು," ಎಂದ ಬ್ರೋಡಿ ಮೆಲ್ಲಗೆ. "ಆದ್ರೆ ಫಸ್ಟ್ ಗೆಲ್ಲು."

ಮರುದಿನ ಕೀರನ್ ಎದ್ದಾಗ ನೆರಿಡಾ ಹಾಸಿಗೆಯಲ್ಲಿ ಇರಲಿಲ್ಲ. ಹಾಸಿಗೆ ತಣ್ಣಗಿತ್ತು. ಕ್ಲಬ್ಬಿನ ಮುದುಕ ಅರ್ನಿ ಕಾರಿನಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ಕೀರನ್ ಹಲ್ಲು ಕಚ್ಚಿಕೊಂಡು ಕೂತಿದ್ದ.

"ಯಾಕಯ್ಯಾ, ಹೆಂಡ್ತಿ ಟೋಸ್ಟ್ ಮಾಡಿಕೊಡ್ಲಿಲ್ವಾ?" ಎಂದು ಅರ್ನಿ ಕೆಣಕಿದ.

ಓಟ ಶುರುವಾಗುವ ಗೆರೆಯ ಹತ್ತಿರ ಚಳಿ ಕಚ್ಚುತ್ತಿತ್ತು. ಜನರ ಗದ್ದಲ. ಜನರನ್ನು ತಡೆದ ಹಗ್ಗದ ಆಚೆಯಿಂದ ಬ್ರೋಡಿಯ ದನಿ ಬಂತು.

"ಮಗಾ, ನನ್ನ ಮೊಣಕಾಲು ಹೋಯ್ತು. ಇನ್ನು ಓಡಂಗಿಲ್ಲ ಅಂದ್ರು ಡಾಕ್ಟ್ರು. ನಿನ್ನ ನಡುನೀರಲ್ಲಿ ಬಿಡೋಕಾಗತ್ತಾ? ಬೆಳಗಾದ್ರೆ ಕೆರೆ ಸುತ್ತಿಸಿ ಕಲಿಸಿದೀನಿ. ನನಗಿಂತ ಜೋರಿದಾಳೆ."

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. "ಅಂಧರ ಮ್ಯಾರಥಾನ್ ಈಗ ಶುರು. ನೆನಪಿರಲಿ, ದಾರಿ ತೋರಿಸೋರು ಓಟಗಾರರಿಗಿಂತ ಮೊದಲು ಗೆರೆ ದಾಟಿದ್ರೆ ಇಬ್ಬರೂ ಔಟ್!"

ಕೀರನ್ ಎಂದಿನಂತೆ ಎಡಗೈ ಚಾಚಿದ. ಓಡುವಾಗ ಇಬ್ಬರನ್ನೂ ಬೆಸೆಯುವ ದಾರದ ಕುಣಿಕೆ ಬೆರಳಿಗೆ ಬಿತ್ತು. ಇನ್ನೊಂದು ಕುಣಿಕೆ ಹಿಡಿದ ಕೈಯನ್ನು ಅವನು ತಡವಿ ನೋಡಿದ. ಅದರಲ್ಲಿ ತಾನೇ ತೊಡಿಸಿದ್ದ ಉಂಗುರವಿತ್ತು.

"ಹಕ್ಕಿ ಬಂದ್ರೆ ಕೂಗ್ತೀನಿ," ಎಂದಳು ನೆರಿಡಾ. "ತಗ್ಗು."