ಓವನ್ನಿನಿಂದ ತೆಗೆದ ಸ್ಕೇಟು

"ಮೇಲಕ್ಕೆ ಎಳಿ ಅಪ್ಪಾ, ಪಕ್ಕಕ್ಕಲ್ಲ! ಇನ್ನೂ ಬಿಸಿ ಇದೆ!" ಜೋಯೆಲ್ ಕಿರುಚಿದಳು. ಮಧ್ಯಾಹ್ನ ಸಸ್ಕಾಚೆವನ್ ಪ್ರಾಂತ್ಯದ ಐಸ್ ಹಾಕಿ ತಂಡದ ಆಯ್ಕೆ. ಕಾಲಿನ ಅಳತೆಗೆ ಕೂರಲೆಂದು ಅಡುಗೆಮನೆಯ ಓವನ್ನಿನಲ್ಲಿ ಕಾಯಿಸಿ ಮೆತ್ತಗಾಗಿಸಿದ ಹೊಸ ಕಾರ್ಬನ್ ಸ್ಕೇಟ್ ಬೂಟನ್ನು ಅವಳ ಕಾಲಿಗೇರಿಸಿ ಅದರ ಲೇಸನ್ನು ಅಪ್ಪ ವೆಂಡೆಲ್ ಬಿಗಿಯುತ್ತಿದ್ದ.

"ನಮ್ ಚರ್ಮದ ಸ್ಕೇಟಿಗೆ ಕಾಲೇ ಬಗ್ಗಬೇಕಿತ್ತು. ನೀವು ಮಹಾರಾಣಿಯರು, ಬೂಟನ್ನೇ ಬ್ರೆಡ್ ಥರ ಬೇಯಿಸ್ತೀರಾ."

"ಅದಕ್ಕೇ ನಿನ್ ಬೆರಳೆಲ್ಲ ಸೊಟ್ಟ. ಬಿಡು, ನಾನೇ ಕಟ್ಕೋತೀನಿ."

"ನಂಗೇ ಕಲಿಸ್ತೀಯೇನೇ?" ಎಂದು ಅವನು ಚರ್ಮವನ್ನು ಬಿಗಿಯುವ ಹಾಗೆ ಪಕ್ಕಕ್ಕೆ ಜಗ್ಗಿದ. ಮೆತ್ತನೆಯ ಅಂಚು ಹರಿದು, ಲೇಸಿನ ತೂತುಗಳ ಲೋಹದ ಬಳೆಗಳೇ ಕಿತ್ತು ಬಂದವು.

"ತಡಿ, ಹೊಲಿದ್ರಾಯ್ತು," ಎಂದು ಅವನು ದಬ್ಬಳ ತಂದ. ಅಷ್ಟರಲ್ಲಿ ಬೂಟು ತಣ್ಣಗಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಜೋಯೆಲ್ ಅದನ್ನು ಕಳಚಿ ಅವನ ಎದೆಗೆ ತಳ್ಳಿದಳು.

"ಹೊಲಿ," ಎಂದಳು.