ಸ್ವಂತ ಪ್ರಶ್ನೆ

ಮಕ್ಕಳು ತರಗತಿಯಲ್ಲಿ ತಾವಾಗಿಯೇ ಪ್ರಶ್ನೆ ಕೇಳುತ್ತಾರೋ ಇಲ್ಲವೋ ಎಂದು ನೋಡಲು ಮರುದಿನ ಇಲಾಖೆಯ ಸಾಹೇಬರು ಬರುವವರಿದ್ದರು. ಆರನೇ ತರಗತಿಯ ಟೀಚರ್ ನಾಲ್ಕು ಪ್ರಶ್ನೆ ಬರೆದು, ನಾಲ್ವರು ಮಕ್ಕಳಿಗೆ ಹಂಚಿ, ಬಾಯಿಪಾಠ ಮಾಡಿಸಿದರು.

"ಕೇಳೋಕೆ ಮುಂಚೆ ಸ್ವಲ್ಪ ತಲೆ ಕೆರ್ಕೊಳ್ಳಿ. ಈಗಷ್ಟೇ ಹೊಳೀತು ಅನ್ನೋ ಹಾಗಿರಬೇಕು."

"ಒಂದು ಕಾಪಿ ನನಗೂ ಕೊಡಿ ಮೇಡಂ," ಎಂದರು ಹೆಡ್‌ಮಾಸ್ಟರು. "ಫೈಲಿಗೆ ಬೇಕು."

ಮರುದಿನ ಮೊದಲನೆಯವನು ಎದ್ದು ತಲೆ ಕೆರೆದುಕೊಂಡು, ಸಮುದ್ರದ ನೀರು ಯಾಕೆ ಉಪ್ಪು ಎಂದು ಕೇಳಿದ. ಎರಡನೆಯವಳೂ ತಲೆ ಕೆರೆದುಕೊಂಡು, ಮಿಂಚು ಮೊದಲು, ಗುಡುಗು ಆಮೇಲೆ ಯಾಕೆ ಎಂದಳು. ಸಾಹೇಬರು ಎರಡಕ್ಕೂ ತಡವರಿಸದೆ ಉತ್ತರ ಹೇಳಿದರು. ಅವರ ತಿಳಿವಳಿಕೆ ಕಂಡು ಟೀಚರಿಗೆ ನಾಚಿಕೆಯೇ ಆಯಿತು. ಇಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ!

ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ ಎಂಬ ಮೂರನೆಯ ಪ್ರಶ್ನೆ ಶಿವನಂಜನ ಪಾಲಿಗಿತ್ತು. ಅವನು ಜ್ವರ ಬಂದು ಅಂದು ಶಾಲೆಗೇ ಬಂದಿರಲಿಲ್ಲ. ಟೀಚರ್ ಸೆರಗಿನಿಂದ ಬೆವರು ಒರೆಸಿಕೊಂಡರು. ಇನ್ನೇನು ಗುಟ್ಟು ರಟ್ಟಾಯಿತು ಎನ್ನುವಷ್ಟರಲ್ಲಿ, ನಾಲ್ಕನೆಯ ಪ್ರಶ್ನೆಯ ರುಕ್ಸಾನಾ ತಾನೇ ಎದ್ದು ನಿಂತಳು.

"ಸರ್, ಚಂದ್ರ ಆಕಾಶದಿಂದ ಯಾಕೆ ಬೀಳಲ್ಲ?"

"ಭೇಷ್! ಹೀಗೆ ಸ್ವಂತವಾಗಿ ಯೋಚನೆ ಮಾಡಬೇಕು ನೋಡಿ," ಎಂದ ಸಾಹೇಬರು ತಾವೂ ಒಮ್ಮೆ ತಲೆ ಕೆರೆದುಕೊಂಡರು. "ಅದರ ಅಂಗಾಲಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರುತ್ತಮ್ಮ. ಅದಕ್ಕೇ ಗೋಡೆಗೆ ಅಂಟ್ಕೊಂಡಿರುತ್ತೆ."